ಇಪ್ಪತ್ತು ರೂಪಾಯಿಯ ಪಿನ್ನು, ನಾಲ್ಕು ಮಳೆಗಾಲ: ಕಂಪ್ರೆಶನ್ ಎಫ್ ಕನೆಕ್ಟರ್ ಬಳಸಿದ ಅನುಭವ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ತಗ್ಗಿನಲ್ಲಿ ನಮ್ಮ ಮನೆ. ಮೂರು ಕಡೆ ಗುಡ್ಡ. ರೇಡಿಯೋದ ಕಡ್ಡಿ ಎಳೆದು ಎಷ್ಟು ತಿರುಗಿಸಿದರೂ ಮಂಗಳೂರು ಆಕಾಶವಾಣಿಯ 100.3 ಸರಿಯಾಗಿ ಸಿಗುವುದಿಲ್ಲ. ಬುಸ್ ಎನ್ನುವ ಸದ್ದಿನ ಅಡಿಯಲ್ಲಿ ಎಲ್ಲೋ ಮಾತು ಕೇಳಿದ ಹಾಗೆ ಆಗುತ್ತದೆ, ಅಷ್ಟೆ. ಅಪ್ಪನಿಗೆ ಈಗ 78. ಮಂಗಳೂರು ನಿಲಯ ಶುರುವಾದ 1976ರಿಂದಲೂ ಅದರ ಕೇಳುಗ. ಬೆಳಿಗ್ಗೆ ಪ್ರದೇಶ ಸಮಾಚಾರ ಕೇಳದೆ ಕಾಫಿ ಲೋಟ ಕೆಳಗಿಡುವುದಿಲ್ಲ. ಕಾಸರಗೋಡಿನಲ್ಲಿ ಕೂತವರಿಗೆ ಆ ಕನ್ನಡದ ದನಿ ಮನೆಯೊಳಗೆ ಬರುವುದು ಎಷ್ಟು ಮುಖ್ಯ ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ಮಾಡಿನ ಮೇಲೆ ಕಬ್ಬಿಣದ ಪೈಪ್ ನಿಲ್ಲಿಸಿ ಏರಿಯಲ್ ಕಟ್ಟಿದೆ. 71 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಕೊಳವೆ, ನಡುವೆ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್, ಅದರಲ್ಲೊಂದು ಎಫ್ ಸಾಕೆಟ್, ಡಿಶ್ ಟಿವಿಯ ಕೇಬಲ್ ತಿರುಪಿ ಕೂರಿಸುವ ಜಾತಿಯದ್ದು. ಅಲ್ಲಿಂದ 25 ಮೀಟರ್ ಆರ್‌ಜಿ-6 ಕೇಬಲ್, ಡಿಶ್ ಟಿವಿಗೆ ಎಳೆಯುವಂಥದ್ದೇ, ಚಾವಡಿಗೆ ಬರುತ್ತದೆ. ಏರಿಯಲ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಕೇಬಲಿನ ತುದಿಯ ಪಿನ್ನಿನ, ಅಂದರೆ ಕನೆಕ್ಟರಿನ ಬಗ್ಗೆ ಮಾತ್ರ. ಯಾಕೆಂದರೆ ನನ್ನ ಮೂರು ವರ್ಷ ಹಾಳು ಮಾಡಿದ್ದು ಅದೇ.

ಮೊದಲು ಹಾಕಿದ್ದು ತಿರುಗಿಸಿ ಕೂರಿಸುವ ಎಫ್ ಪಿನ್ನು. ಅಂಗಡಿಯಲ್ಲಿ ಡಿಶ್ ಪಿನ್ ಅಂದರೆ ಸಾಮಾನ್ಯವಾಗಿ ಇದನ್ನೇ ಕೊಡುತ್ತಾರೆ. ಎಂಟು ರೂಪಾಯಿ, ಯಾವ ಹತ್ಯಾರೂ ಬೇಡ, ಕೈಯಲ್ಲೇ ತಿರುಪಿದರೆ ಆಯ್ತು. ಬೇಸಗೆಯಲ್ಲಿ ಚೆನ್ನಾಗಿತ್ತು. ಜೂನ್ ಬಂತು, ಬುಸ್ ಶುರುವಾಯಿತು. ಎರಡು ದಿನ ಬಿಸಿಲು ಬಂದರೆ ಸರಿಯಾಗುತ್ತದೆ, ಮತ್ತೆ ಮಳೆ, ಮತ್ತೆ ಬುಸ್. ನಮ್ಮದು ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ. ಆಟಿ ತಿಂಗಳಲ್ಲಿ ಬಿಸಿಲು ಕಾದು ಕೂತರೆ ರೇಡಿಯೋ ಕೇಳಿದ ಹಾಗೇ!

ಪ್ರತಿ ವರ್ಷ ಪಿನ್ನು ಬದಲಿಸಿದೆ. ಒಂದು ವರ್ಷ ಬಚ್ಚಲುಮನೆಗೆ ಹಚ್ಚುವ ಸಿಲಿಕೋನ್ ತಂದು ಮೆತ್ತಿದೆ. ಹಚ್ಚುವಾಗ ವಿನೆಗರಿನ ಹಾಗೆ ಹುಳಿ ವಾಸನೆ ಬಂತು, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮಳೆಗಾಲ ಮುಗಿದ ಮೇಲೆ ಕತ್ತರಿಸಿ ನೋಡಿದರೆ ತಾಮ್ರವೆಲ್ಲ ಹಸಿರು. ಆ ಜಾತಿಯ ಸಿಲಿಕೋನ್ ಒಣಗುವಾಗ ಅಸೆಟಿಕ್ ಆಮ್ಲ ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಹುಳಿ ವಾಸನೆ ಬಂದರೆ ಕೇಬಲ್ ಹತ್ತಿರ ತರಬೇಡಿ. ಇದೊಂದು ಮಾತು ಮೊದಲೇ ಯಾರಾದರೂ ಹೇಳಿದ್ದರೆ ಅಂತ ಈಗಲೂ ಅನಿಸುತ್ತದೆ.

ಬದಿಯಡ್ಕದ ಭಾವ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಲೈಸನ್ಸ್ ಇರುವವರು. ಅವರ ಏರಿಯಲ್‌ಗಳಲ್ಲೆಲ್ಲ ಪಿಎಲ್-259. 1930ರ ದಶಕದ ದಪ್ಪ ಪಿನ್ನು ಅದು, ಬೆಸುಗೆ ಹಾಕಿ ಕೂರಿಸುವುದು. "ನನ್ನ ಹತ್ರ ನಾಲ್ಕು ಉಂಟು, ತಗೊಂಡು ಹೋಗು" ಅಂದರು. ಆದರೆ ಅವರದ್ದು 50 ಓಮ್‌ನ ಲೆಕ್ಕ, ನಡುವಿನ ತಂತಿಯ ಸುತ್ತ ದಪ್ಪ ತಾಮ್ರದ ಜಾಲರಿ ಇರುವ ಕೇಬಲ್. ನನ್ನದು 75 ಓಮ್. ಏರಿಯಲ್, ಕೇಬಲ್ ಎರಡರ ಓಮ್ ಹತ್ತಿರ ಹತ್ತಿರ ಇದ್ದರೆ ಸಿಗ್ನಲ್ ಚೆನ್ನಾಗಿ ಇಳಿಯುತ್ತದೆ. ನನ್ನ ಹಾಗಿನ ಎರಡು ಕೊಳವೆಯ ಸಾದಾ ಏರಿಯಲ್ (ಡೈಪೋಲ್) ಸುಮಾರು 73 ಓಮ್ ತೋರಿಸುವುದರಿಂದ ಆರ್‌ಜಿ-6 ಅದಕ್ಕೆ ಸರಿಯಾದ ಜೋಡಿ. ಇನ್ನೊಂದು ಮುಖ್ಯ ವಿಷಯ, ನಮ್ಮ ಕಡೆ ಸಿಗುವ ಆರ್‌ಜಿ-6ರ ಜಾಲರಿ ಹೆಚ್ಚಿನಂಶ ಅಲ್ಯೂಮಿನಿಯಂ. ಮಾಮೂಲಿ ಬೆಸುಗೆ ಅದಕ್ಕೆ ಹಿಡಿಯುವುದೇ ಇಲ್ಲ. ಎನ್ ಅನ್ನುವ ಇನ್ನೊಂದು ಜಾತಿಯ ಕನೆಕ್ಟರಿಗೆ ಒಳಗೇ ರಬ್ಬರ್ ಉಂಟು, ಮಳೆಗೆ ಅದೇ ಉತ್ತಮ ಅಂತ ಭಾವ ಹೇಳಿದ್ದು ನಿಜ. ಆದರೆ ಬೆಲೆ ಜಾಸ್ತಿ, ಮತ್ತೆ ಅಂಗಡಿಗಳಲ್ಲಿ ಕಾಣುವುದು ಹೆಚ್ಚಾಗಿ 50 ಓಮ್‌ನದ್ದೇ. ರೇಡಿಯೋ ಕೇಳುವುದಕ್ಕೆ ಮಾತ್ರ ಆದ್ದರಿಂದ ನಾನು ಎಫ್ ಬಿಡಲಿಲ್ಲ.

2021ರ ಮೇ ತಿಂಗಳಲ್ಲಿ ಕಂಪ್ರೆಶನ್ ಎಫ್, ಅಂದರೆ ಹತ್ಯಾರದಲ್ಲಿ ಒತ್ತಿ ಕೂರಿಸುವ ಎಫ್ ಪಿನ್ನು ತರಿಸಿದೆ. 20ರ ಪ್ಯಾಕೆಟಿಗೆ 400 ರೂಪಾಯಿ, ಒತ್ತುವ ಹತ್ಯಾರಿಗೆ 750. ಎಂಟು ರೂಪಾಯಿಯ ಕೆಲಸಕ್ಕೆ 1,150 ಯಾಕೆ ಅಂತ ಅಮ್ಮ ಕೇಳಿದ್ದರಲ್ಲಿ ತಪ್ಪಿಲ್ಲ. ನಾನೂ ಒಂದು ವಾರ ಯೋಚಿಸಿದ್ದೆ. ಎರಡೇ ಪಿನ್ನು ಬೇಕಾದವರು ಹತ್ಯಾರ ಇರುವ ಕೇಬಲಿನವರನ್ನು ಕರೆದು ಹಾಕಿಸುವುದು ಲಾಭ. ನಮ್ಮಲ್ಲಿ ಡಿಶ್ ಉಂಟು, ದೊಡ್ಡಪ್ಪನ ಮನೆಗೂ ಏರಿಯಲ್ ಆಗಬೇಕಿತ್ತು, ಅದಕ್ಕೇ ತೆಗೆದುಕೊಂಡೆ.

ಹಾಕುವ ಕೆಲಸ ನನಗೆ ತುಂಬ ಇಷ್ಟ. ಚಾವಡಿಯ ಮೆಟ್ಟಿಲಲ್ಲಿ ಹಳೆ ಪೇಪರ್ ಹಾಸಿ ಕೂರುತ್ತೇನೆ. ಎಫ್ ಕನೆಕ್ಟರಿನ ನಡುವೆ ಬೇರೆ ಕಡ್ಡಿಯೇ ಇಲ್ಲ, ಕೇಬಲಿನ ನಡುವಿನ ತಂತಿಯೇ ಸಾಕೆಟಿನೊಳಗೆ ಹೋಗುವ ಕಡ್ಡಿ. ಅದಕ್ಕೆ ಬ್ಲೇಡಿನ ಗೀರು ತಾಗಬಾರದು. ಆ ತಂತಿ ಹೊರಗೆ ಮಾತ್ರ ತಾಮ್ರ, ಒಳಗೆ ಉಕ್ಕು. ಗೀರು ಬಿದ್ದಲ್ಲಿಂದ ತುಕ್ಕು ಶುರುವಾಗುತ್ತದೆ. ತುದಿಯಿಂದ ಸುಮಾರು 6 ಮಿಲಿಮೀಟರ್ ತಂತಿ ಬರಿದು ಮಾಡುತ್ತೇನೆ, ಅದರ ಹಿಂದೆ ಇನ್ನೊಂದು 6 ಮಿಲಿಮೀಟರ್ ಬಿಳಿ ಫೋಮ್, ಹೊರ ಸಿಪ್ಪೆ ತೆಗೆದು. ಜಾಲರಿಯ ಎಳೆಗಳನ್ನು ಬೆರಳಲ್ಲಿ ಒಂದೊಂದಾಗಿ ಹಿಂದಕ್ಕೆ ಬಾಚಿ ಸಿಪ್ಪೆಯ ಮೇಲೆ ಮಲಗಿಸಬೇಕು. ಒಂದೇ ಒಂದು ಕೂದಲೆಳೆ ಮುಂದೆ ಉಳಿದು ನಡುವಿನ ತಂತಿಗೆ ತಾಗಿದರೂ ಶಾರ್ಟ್. ಫೋಮಿಗೆ ಅಂಟಿದ ಫಾಯಿಲ್ ಹಾಗೇ ಇರಲಿ.

ಆಮೇಲೆ ಕನೆಕ್ಟರ್ ತೂರಿಸುವುದು. ನಿಧಾನ ತಿರುಗಿಸುತ್ತಾ ನೂಕಬೇಕು, ಸುಮ್ನೆ ಒತ್ತಿದರೆ ಒಳಗಿನ ಕೊಳವೆ ಫಾಯಿಲ್ ಹರಿದು ಹಾಕುತ್ತದೆ. ನಟ್ಟಿನ ಬಾಯಿಯಿಂದ ಇಣುಕಿದಾಗ ಬಿಳಿ ಫೋಮ್ ಒಳಗಿನ ಅಂಚಿಗೆ ಸಮವಾಗಿ ಕಾಣಬೇಕು, ತಂತಿ ನಟ್ಟಿಗಿಂತ ಎರಡು ಮೂರು ಮಿಲಿಮೀಟರ್ ಹೊರಗೆ ನಿಲ್ಲಬೇಕು. ಹತ್ಯಾರದಲ್ಲಿ ಇಟ್ಟು ಒತ್ತಿದರೆ ಕಚಕ್ ಅಂತ ಒಂದು ಸದ್ದು. ಹಿಂದಿನ ಉಂಗುರ ಒಳಗೆ ಹೋಗಿ ಸಿಪ್ಪೆಯನ್ನು ಸುತ್ತಲೂ ಒಂದೇ ಹಾಗೆ ಹಿಡಿಯುತ್ತದೆ. ಇಕ್ಕಳದಲ್ಲಿ ಅಮುಕಿದ ಪಿನ್ನಿಗೆ ಈ ಹಿಡಿತ ಇಲ್ಲ, ಅದು ಅಲ್ಲಲ್ಲಿ ಚಪ್ಪಟೆಯಾಗಿ ಮೂಲೆಗಳಲ್ಲಿ ಸಂದು ಬಿಡುತ್ತದೆ. ಎಳೆದು ನೋಡಿದೆ, ಒಂದಿಷ್ಟೂ ಜಾರಲಿಲ್ಲ. ಅವತ್ತು ಸಂಜೆ 100.3 ಎಷ್ಟು ಸ್ವಚ್ಛ ಬಂತೆಂದರೆ ಅಪ್ಪ ಅಂಗಳದಿಂದಲೇ "ಇದು ಎಂತ ಮಾಡಿದೆ?" ಅಂತ ಕೇಳಿದರು. 2021ರ ಇಡೀ ಮಳೆಗಾಲ ಒಂದು ದಿನವೂ ಮಾಡು ಹತ್ತಲಿಲ್ಲ. ಇಲ್ಲಿಗೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

2022ರ ಜುಲೈಯಲ್ಲಿ ಮತ್ತೆ ಬುಸ್.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪ್ಯಾಕೆಟಿನ ಮೇಲೆ ವಾಟರ್‌ಪ್ರೂಫ್ ಅಂತ ದೊಡ್ಡದಾಗಿ ಬರೆದಿತ್ತು. ಕೆಳಗಿನ ತುದಿ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ನನ್ನ ಡೈಪೋಲಿನಲ್ಲಿ ನಡುವಿನ ತಂತಿಗೂ ಜಾಲರಿಗೂ ಸಂಬಂಧವೇ ಇಲ್ಲ, ಓಪನ್, ಅಂದರೆ ಕರೆಂಟಿಗೆ ದಾರಿಯೇ ಇಲ್ಲ ಅಂತ ತೋರಿಸಬೇಕಿತ್ತು. ತೋರಿಸಿದ್ದು 40 ಕಿಲೋ ಓಮ್. ಅಷ್ಟರಿಂದಲೇ ಸಿಗ್ನಲ್ ಸಾಯುವುದಿಲ್ಲ, ಆದರೆ ನೀರು ಹೊಕ್ಕಿದೆ ಅನ್ನುವುದಕ್ಕೆ ಸಾಕ್ಷಿ. ಮಳೆ ಬಿಟ್ಟ ಒಂದು ಮಧ್ಯಾಹ್ನ ಏಣಿ ಇಟ್ಟು ಮೇಲಿನ ತುದಿ ಬಿಚ್ಚಿದೆ. ನಟ್ಟಿನೊಳಗೆ ನೀರು ನಿಂತಿತ್ತು. ತಂತಿಯ ತುದಿಯಲ್ಲಿ ಕೆಂಪು ತುಕ್ಕು. ಕೇಬಲಿನ ಸಿಪ್ಪೆ ಸುಲಿಯುತ್ತಾ ಹೋದರೆ ಒಂದು ಗೇಣಿನವರೆಗೆ ಜಾಲರಿ ಕಪ್ಪಾಗಿತ್ತು. ಬತ್ತಿ ಎಣ್ಣೆ ಹೀರುವ ಹಾಗೆ ಜಾಲರಿ ನೀರು ಹೀರಿತ್ತು.

ಫೋಟೋ ತೆಗೆದು ಭಾವನಿಗೆ ಕಳಿಸಿದೆ. ಅವರ ಫೋನ್ ಕೂಡಲೇ ಬಂತು. "ಹಿಂದಿನಿಂದ ನೀರು ಹೋಗಲಿಲ್ಲ ಮಾರಾಯ. ಮುಂದಿನಿಂದ ಹೋದದ್ದು. ನಟ್ಟಿನ ಮರೆಗೆ ಎಂತ ಹಾಕಿದ್ದಿ?" ಮರೆ ಅಂದರೆ ತಿರುಪಿನ ಗೆರೆ. ನಾನು ಅಲ್ಲಿ ಏನೂ ಹಾಕಿರಲಿಲ್ಲ. ಸಾಕೆಟ್ ಕೂಡ ಬಾಕ್ಸಿನ ಬದಿಗೆ, ಅಡ್ಡಕ್ಕೆ ಇತ್ತು.

ಪ್ಯಾಕೆಟ್ ಹೇಳದೆ ಬಿಟ್ಟ ಮಾತು ಇದು: ಕಂಪ್ರೆಶನ್ ಕನೆಕ್ಟರ್ ಒತ್ತಿ ಮುಚ್ಚುವುದು ಕೇಬಲ್ ಒಳಗೆ ಹೋಗುವ ಹಿಂದಿನ ಬಾಯಿಯನ್ನು ಮಾತ್ರ. ಮುಂದೆ ನಟ್ಟು ಸಾಕೆಟಿನ ಮೇಲೆ ತಿರುಗುವ ಮರೆ ಹಾಗೇ ತೆರೆದಿರುತ್ತದೆ. ಆ ಮರೆಯ ಸಂದಿನಿಂದ ಮಳೆನೀರು ಇಳಿಯುತ್ತದೆ. ಹಿಂದಿನ ಬಾಯಿ ಗಟ್ಟಿ ಮುಚ್ಚಿರುವುದರಿಂದ ಹೊಕ್ಕ ನೀರು ಒಣಗಲೂ ದಾರಿಯಿಲ್ಲ. ಹೊರಗೆ ಬಳಸಿ ಅಂತ ಮಾರುವವರು ಜೊತೆಗೆ ಸಾಕೆಟಿಗೆ ಹಾಕುವ ಸಣ್ಣ ರಬ್ಬರ್ ಸೀಲ್ ಇಡಬೇಕಿತ್ತು. ಅದೂ ಇಲ್ಲದಿದ್ದರೆ ಒಂದು ಸಾಲು ಬರೆಯಬೇಕಿತ್ತು. 400 ರೂಪಾಯಿ ಕೊಟ್ಟವನಿಗೆ ಅಷ್ಟು ಹೇಳುವುದು ಅವರ ಕೆಲಸ ಅಲ್ವಾ? ಇದಕ್ಕೆ ನಾನು ಒಂದೂವರೆ ಸ್ಟಾರ್ ಕಡಿಮೆ ಮಾಡಿದ್ದೇನೆ, ಆಮೇಲೂ ಅದನ್ನು ವಾಪಸ್ ಕೊಡುವ ಮನಸ್ಸಾಗಲಿಲ್ಲ.

ಕೇಬಲ್ ಒಂದು ಮೊಳ ಕತ್ತರಿಸಿ ಬಿಸಾಡಿದೆ. ಮೇಲೆ ಎರಡು ಸುತ್ತು ಜಾಸ್ತಿ ಬಿಟ್ಟಿದ್ದೆ, ಪುಣ್ಯ. ಸಾಕೆಟನ್ನು ಬಾಕ್ಸಿನ ಅಡಿಗೆ ಬದಲಿಸಿದೆ, ಈಗ ನೆಲ ನೋಡುತ್ತದೆ. ಸಾಕೆಟಿನ ಮರೆಗೆ ರಬ್ಬರ್ ಸೀಲ್, ಮರೆಗೆ ತೆಳ್ಳಗೆ ಸಿಲಿಕೋನ್ ಗ್ರೀಸ್. ಹುಳಿ ವಾಸನೆಯ ಅಂಟಲ್ಲ, ಇದು ಒಣಗದ ಜಿಡ್ಡು. ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರಿನಲ್ಲಿ ಒಂದು ಸಣ್ಣ ಎಳೆತ. ಅದರ ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ಕಪ್ಪು ರಬ್ಬರ್ ಟೇಪ್, ಒಂದು ಸುರುಳಿಗೆ 220 ರೂಪಾಯಿ. ಇದನ್ನು ಸುಮಾರು ಎರಡರಷ್ಟು ಉದ್ದಕ್ಕೆ ಎಳೆದೇ ಸುತ್ತಬೇಕು, ಸಡಿಲ ಸುತ್ತಿದರೆ ಬೆಸೆಯುವುದಿಲ್ಲ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಸುತ್ತುತ್ತಾ ಹೋಗಬೇಕು. ಮಾಡಿಗೆ ಹಂಚು ಹಾಸುವ ಕ್ರಮವೇ ಇದು, ಮೇಲಿನ ಸಾಲು ಕೆಳಗಿನದ್ದರ ಮೇಲೆ ಬರಬೇಕು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಸುತ್ತೂ ನೀರು ಹಿಡಿಯುವ ಬಾಯಿ. ಬಿಸಿಲಿಗೆ ರಬ್ಬರ್ ಬಿರಿಯದ ಹಾಗೆ ಹೊರಗೊಂದು ಪದರ ಮಾಮೂಲಿ ಪಿವಿಸಿ ಟೇಪ್. ಕೊನೆಗೆ ಕೇಬಲನ್ನು ಮನೆಯೊಳಗೆ ತರುವ ಮೊದಲು ಯು ಆಕಾರದಲ್ಲಿ ಕೆಳಗೆ ಬಾಗಿಸಿ ಬಿಟ್ಟೆ. ಕೇಬಲ್ ಮೇಲೆ ಹರಿದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಗೋಡೆಯ ತೂತಿಗೆ ಬರುವುದಿಲ್ಲ.

ಇನ್ನೊಂದು ಕಿರಿಕಿರಿಯನ್ನೂ ಹೇಳುತ್ತೇನೆ. ದೊಡ್ಡಪ್ಪನ ಮನೆಗೆ ಕಾಸರಗೋಡಿನಿಂದ ತಂದ ಇನ್ನೊಂದು ಆರ್‌ಜಿ-6ಕ್ಕೆ ಇದೇ ಕನೆಕ್ಟರ್ ಗಡಗಡ ಅಲ್ಲಾಡಿತು. ಆರ್‌ಜಿ-6ರ ಹೊರ ಅಳತೆ ಸುಮಾರು 6.9 ಮಿಲಿಮೀಟರ್ ಇರಬೇಕು. ಅದು ತೆಳ್ಳಗಿತ್ತು, ಜಾಲರಿಯೂ ಬೆರಳೆಣಿಕೆಯ ಎಳೆ. ಕೇಬಲ್ ಕೊಳ್ಳುವಾಗ ಒಂದು ಕನೆಕ್ಟರ್ ಜೇಬಲ್ಲಿ ಇಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ತೂರಿಸಿ ನೋಡಿ.

ಎಣಿಸದೆ ಸಿಕ್ಕಿದ ಖುಷಿ ಕೆಳಗಿನ ತುದಿಯಲ್ಲಿ. ನಮ್ಮ ಮ್ಯೂಸಿಕ್ ಸಿಸ್ಟಮಿನ ಹಿಂದೆ ಇರುವುದು ಎಫ್ ಅಲ್ಲ, ಹಳೆ ಟಿವಿಯಲ್ಲಿ ಇರುತ್ತಿದ್ದ ನೂಕುವ ಸಾಕೆಟ್. ಅದಕ್ಕಾಗಿ ಎಫ್ ಮೇಲೆ ಒಂದು ಅಡಾಪ್ಟರ್ ಹಾಕಿದ್ದೆ, ಮನಸ್ಸಿಲ್ಲದೆ. ಈಗ ಅದೇ ಅಪ್ಪನಿಗೆ ಅನುಕೂಲ. ತುಲಾ ತಿಂಗಳಲ್ಲಿ ಸಂಜೆ ಗುಡುಗು ಶುರುವಾಗುವ ಮೊದಲು ಅವರು ಎದ್ದು ಬಂದು ಪಿನ್ನು ಎಳೆಯುತ್ತಾರೆ. ಕಿಟಕಿಯ ಹೊರಗೆ ಸರಿಗೆಯಲ್ಲಿ ಕಟ್ಟಿದ ಪ್ಲಾಸ್ಟಿಕ್ ಡಬ್ಬಿ ಉಂಟು, ಬಾಯಿ ಕೆಳಗೆ ಮಾಡಿ. ತುದಿಯನ್ನು ಅದರೊಳಗೆ ಸಿಕ್ಕಿಸಿ ಕಿಟಕಿ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಕಾಫಿಗೆ ಮೊದಲು ಅದನ್ನು ಒಳಗೆ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಸಾಕೆಟಿಗೆ ನೂಕುತ್ತಾರೆ. ಆಮೇಲೆ ಸ್ವಿಚ್ಚು. ಅವರ ಬೆರಳಿಗೆ ಗಂಟುನೋವು, ದಿನಾ ಎಫ್ ನಟ್ಟು ತಿರುಪುವುದು ಆಗುತ್ತಿರಲಿಲ್ಲ. ಪೈಪಿಗೆ ಬೇರೆ ಅರ್ತಿಂಗ್ ತಂತಿ ಇಳಿಸಿದ್ದೇನೆ, ಆದರೂ ಗುಡುಗಿಗೆ ಪಿನ್ನು ಎಳೆಯುವುದು ಬಿಡಬಾರದು.

2023, 2024 ಎರಡು ಮಳೆಗಾಲದಲ್ಲೂ ಮಲ್ಟಿಮೀಟರ್ ಓಪನ್ ತೋರಿಸಿತು. ಆದರೂ 2025ರ ಮೇಯಲ್ಲಿ ಮಳೆ ಹಿಡಿಯುವ ಮೊದಲು ಮೇಲೆ ಹತ್ತಿ ಟೇಪ್ ಸೀಳಿದೆ. ರಬ್ಬರ್ ಒಂದೇ ಮುದ್ದೆಯಾಗಿ ಬೆಸೆದಿತ್ತು, ಬ್ಲೇಡ್ ಇಲ್ಲದೆ ಬಿಡಿಸಲು ಆಗಲಿಲ್ಲ. ನಟ್ಟು ತಿರುಗಿಸಿ ತೆಗೆದರೆ ಗ್ರೀಸ್ ಹಚ್ಚಿದ ಹಾಗೇ ಇತ್ತು, ನಡುವಿನ ತಂತಿ ಹೊಸ ತಾಮ್ರದ ಬಣ್ಣದಲ್ಲಿ. ಬದಲಿಸಲು ಅಂತ ಜೇಬಲ್ಲಿ ತಂದಿದ್ದ ಹೊಸ ಪಿನ್ನನ್ನು ಹೊರಗೆ ತೆಗೆಯಲಿಲ್ಲ. ಅದೇ ಪಿನ್ನನ್ನು ಮತ್ತೆ ಬಿಗಿ ಮಾಡಿ, ಕೆಳಗಿನಿಂದ ಮೇಲಕ್ಕೆ ಹೊಸ ಟೇಪ್ ಸುತ್ತಿ ಇಳಿದೆ.