ಹತ್ತುವ ಮೊದಲು ಇಳಿಯಲು ಕಲಿಸುವ ಪೋಲ್ ತರಗತಿ

ದಾವಣಗೆರೆಯ ವಿದ್ಯಾನಗರದ ಕಡೆಯ ಒಂದು ಅಡ್ಡರಸ್ತೆಯಲ್ಲಿ, ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಟ್ಯೂಷನ್ ಕೊಠಡಿ ಇರುವ ಕಟ್ಟಡದ ಮೊದಲ ಮಹಡಿಯಲ್ಲಿ ಮಹಿಳೆಯರಿಗಾಗಿ ಪೋಲ್ ಡಾನ್ಸ್, ಅಂದರೆ ನೆಟ್ಟ ಲೋಹದ ಕಂಬ ಹಿಡಿದು ಮಾಡುವ ಕಸರತ್ತಿನ ನೃತ್ಯದ ತರಗತಿಯೊಂದು ನಡೆಯುತ್ತದೆ. ಹೊರಗಿನ ಫಲಕದಲ್ಲಿ ಯೋಗ, ಜುಂಬಾ, ಫಿಟ್‌ನೆಸ್ ಎಂದಷ್ಟೇ ಬರೆದಿದೆ. ಕಂಬದ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ. ನಡೆಸುವವರಿಗೂ ಸದ್ಯಕ್ಕೆ ಅದೇ ಇಷ್ಟ, ಆದ್ದರಿಂದ ಹೆಸರು ಬರೆಯುತ್ತಿಲ್ಲ. ಏಳು ತಿಂಗಳಿಂದ ವಾರಕ್ಕೆ ಎರಡು ಸಂಜೆ ಅಲ್ಲಿಗೆ ಹೋಗುತ್ತಿದ್ದೇನೆ. ನನಗೆ ವಯಸ್ಸು 41, ಕೆಲಸ ಬ್ಯಾಂಕಿನಲ್ಲಿ, ತಲೆಕೆಳಗಾಗುವುದೆಂದರೆ ಭಯ. ಈ ವಿಮರ್ಶೆಯನ್ನು ಆ ಭಯದ ಕಡೆಯಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ಕನ್ನಡಿ, ಸಂಗೀತ, ದೀಪಗಳ ವಿಷಯದಲ್ಲಿ ಈ ಜಾಗ ತೀರ ಸಾಧಾರಣವಾಗಿದೆ. ಕಷ್ಟದ ವರಸೆಗಳಿಗೆ ಹೆದರುವವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಮಾತ್ರ ಸಾಧಾರಣವಲ್ಲ.

ನನ್ನ ಭಯಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಇಲಾಖಾ ತರಬೇತಿಗೆಂದು ಬೇರೊಂದು ಊರಿನಲ್ಲಿ ಆರು ವಾರ ಇದ್ದಾಗ ಅಲ್ಲಿನ ಒಂದು ತರಗತಿಗೆ ಸೇರಿದ್ದೆ. ಎರಡನೆಯ ದಿನವೇ ‘ಇನ್ವರ್ಟ್’ ಮಾಡಿಸಿದರು, ಅಂದರೆ ಕಂಬದ ಪಕ್ಕ ನಿಂತು ಎರಡೂ ಕೈಗಳಿಂದ ಹಿಡಿದು, ಹಿಂದಕ್ಕೆ ವಾಲುತ್ತ ಸೊಂಟವನ್ನು ತಲೆಗಿಂತ ಮೇಲಕ್ಕೆ ಒಯ್ದು, ಕಾಲುಗಳನ್ನು ಕಂಬದ ಎರಡೂ ಕಡೆ ಅಗಲಿಸಿ ತಲೆಕೆಳಗಾಗುವುದು. ಅದಕ್ಕೆ ಬೇಕಾದ ಹೊಟ್ಟೆಯ ಬಲ ನನಗಿರಲಿಲ್ಲ. ಇಲ್ಲದವರು ಮಾಡುವುದನ್ನೇ ನಾನೂ ಮಾಡಿದೆ: ನೆಲವನ್ನು ಜೋರಾಗಿ ಒದ್ದು ನೆಗೆದೆ. ಕಾಲೇನೋ ಮೇಲೆ ಹೋಯಿತು, ಇಳಿಯುವುದು ಹೇಗೆಂದು ಯಾರೂ ಹೇಳಿರಲಿಲ್ಲ. ಕೈ ಜಾರಿ ಭುಜದ ಮೇಲೆ ಬಿದ್ದೆ. ಮೂಳೆ ಮುರಿಯಲಿಲ್ಲ, ಆದರೆ ಎರಡು ತಿಂಗಳು ನನ್ನ ಜಡೆಯನ್ನು ನಾನೇ ಹಾಕಿಕೊಳ್ಳಲು ಆಗಲಿಲ್ಲ. ಮೊದಮೊದಲು ಹೀಗೇ ಆಗುತ್ತದೆ, ಭಯ ಬಿಡಬೇಕು ಎಂದು ಅಲ್ಲಿನವರು ಹೇಳಿದ ಮಾತಿಗೆ ನನಗೆ ಇಂದಿಗೂ ಸಿಟ್ಟಿದೆ.

ಇಲ್ಲಿ ಮೊದಲ ದಿನ ಕಂಬವನ್ನು ಮುಟ್ಟಿಸಲೇ ಇಲ್ಲ ಎನ್ನಬಹುದು. ಒಂದು ಹಾಳೆ ಕೊಟ್ಟು ರಕ್ತದೊತ್ತಡ, ಭುಜ ಮತ್ತು ಮಣಿಕಟ್ಟಿನ ಹಳೆಯ ನೋವು, ಗರ್ಭಧಾರಣೆ, ಗ್ಲಾಕೋಮಾ ಇವುಗಳ ಬಗ್ಗೆ ಬರೆಸಿಕೊಂಡರು. ಗ್ಲಾಕೋಮಾ ಏಕೆಂದು ಕೇಳಿದಾಗ, ತಲೆಕೆಳಗಾದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ ಎಂದು ವಿವರಿಸಿದರು. ಆಮೇಲೆ ಕಂಬವನ್ನು ತೋರಿಸಿದರು. ಮೂರು ಕಂಬಗಳಿವೆ, ಮೂರೂ ಕ್ರೋಮ್ ಲೇಪದವು, 45 ಮಿಲಿಮೀಟರ್ ದಪ್ಪದವು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಳಸುವ ದಪ್ಪವೂ ಇದೇ. ಸ್ಪರ್ಧೆಯಲ್ಲಿ ಒಂದು ಕಂಬ ಸ್ಥಿರವಾಗಿರುತ್ತದೆ, ಇನ್ನೊಂದು ತಾನೇ ತಿರುಗುತ್ತದೆ. ಇಲ್ಲಿನ ಕಂಬಗಳನ್ನು ಎರಡು ರೀತಿಯಲ್ಲೂ ಬಳಸಬಹುದು, ಬುಡದ ಸ್ಕ್ರೂಗಳನ್ನು ಬಿಗಿದರೆ ಸ್ಥಿರ, ಸಡಿಲಿಸಿದರೆ ತಿರುಗುವಂಥದ್ದು. ಮೇಲ್ತುದಿಯನ್ನು ಆರ್‌ಸಿಸಿ ಛಾವಣಿಗೇ ಬೋಲ್ಟ್ ಹಾಕಿ ಕೂರಿಸಿದ್ದಾರೆ. ನೆಲಕ್ಕೂ ಛಾವಣಿಗೂ ನಡುವೆ ಒತ್ತಡದಿಂದ ನಿಲ್ಲಿಸುವ ಕಂಬಗಳೂ ಸಿಗುತ್ತವೆ, ಆದರೆ ಅವು ಫಾಲ್ಸ್ ಸೀಲಿಂಗಿಗೆ ಆಗಿಬರುವುದಿಲ್ಲ. ತರಗತಿ ಶುರುವಾಗುವ ಮೊದಲು ಶಿಕ್ಷಕಿ ಎಲ್-ಕೀ ಹಿಡಿದು ಪ್ರತಿ ಕಂಬದ ಬುಡಕ್ಕೂ ಬಗ್ಗಿ ಸ್ಕ್ರೂ ಪರೀಕ್ಷಿಸುವುದನ್ನು ಈ ಏಳು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಹೆದರುವವರಿಗೆ ಹತ್ತು ಧೈರ್ಯದ ಮಾತಿಗಿಂತ ಆ ನೋಟ ಹೆಚ್ಚು ಕೆಲಸ ಮಾಡುತ್ತದೆ.

ಶಿಕ್ಷಕಿ ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ನನ್ನ ಹಳೆಯ ಕಥೆ ಕೇಳಿ ಅವರು ಹೇಳಿದ್ದು ಇಷ್ಟೇ: “ಹತ್ತೋದು ಆಮ್ಯಾಲೆ ಅಕ್ಕಾ. ಮೊದ್ಲು ಇಳಿಯೋದು ಕಲೀರಿ.” ಅದನ್ನೇ ಪಾಠದ ಕ್ರಮವಾಗಿ ನಡೆಸುತ್ತಾರೆ. ನಾನು ಕಲಿತ ಮೊದಲ ತಲೆಕೆಳಗಿನ ವರಸೆ ‘ಲೇಬ್ಯಾಕ್’. ಕಂಬವನ್ನು ತೊಡೆಗಳ ನಡುವೆ ಬಿಗಿಹಿಡಿದು ಕೂತು, ಕಾಲು ಹೆಣೆದು, ಬೆನ್ನನ್ನು ಹಿಂದಕ್ಕೆ ಚೆಲ್ಲಿ ಕೈ ಬಿಡಬೇಕು. ಹೆಚ್ಚಿನ ಕಡೆ ಇದನ್ನು ಆಳೆತ್ತರಕ್ಕೆ ಹತ್ತಿಸಿ ಮಾಡಿಸುವುದನ್ನು ವಿಡಿಯೋಗಳಲ್ಲಿ ನೋಡಿದ್ದೇನೆ. ಇವರು ನನ್ನನ್ನು ಸೊಂಟದ ಎತ್ತರದಲ್ಲೇ ಕೂರಿಸಿದರು, ಆ ಎತ್ತರದಲ್ಲಿ ಹಿಂದಕ್ಕೆ ವಾಲಿದರೆ ಅಂಗೈ ನೇರ ನೆಲಕ್ಕೆ ತಾಗುತ್ತದೆ. ಕೈ ನೆಲದ ಮೇಲಿರುವಾಗ ಬೀಳುವುದಕ್ಕೆ ಉಳಿದಿರುವುದಾದರೂ ಏನು? ಎರಡು ವಾರ ಹಾಗೆಯೇ ಮಾಡಿಸಿ, ತೊಡೆಯ ಯಾವ ಭಾಗ ಕಂಬವನ್ನು ಹಿಡಿಯುತ್ತದೆ, ಹಿಡಿತ ಸಡಿಲವಾಗುವ ಮೊದಲು ಚರ್ಮ ಹೇಗೆ ಎಳೆಯುತ್ತದೆ ಎಂಬುದು ಮೈಗೆ ತಿಳಿದ ಮೇಲೆ ಒಂದು ಗೇಣು ಮೇಲೆ ಕೂರಿಸಿದರು. ಮೂರನೆಯ ವಾರ ಇನ್ನೊಂದು ಗೇಣು. ನೆಲ ಕೈಗೆ ಸಿಗದಷ್ಟು ಎತ್ತರವಾಗುವ ವೇಳೆಗೆ ಹೊಟ್ಟೆಯನ್ನು ಬಿಗಿದು ಮೇಲೆದ್ದು ಕಂಬವನ್ನು ಮತ್ತೆ ಹಿಡಿಯುವುದು ರೂಢಿಯಾಗಿಬಿಟ್ಟಿತ್ತು.

ಇನ್ವರ್ಟಿಗೂ ಇದೇ ಕ್ರಮ. ಸ್ಟೂಲಿನ ಮೇಲೆ ನಿಲ್ಲಿಸಿ, ಸೊಂಟಕ್ಕೆ ಕೈಕೊಟ್ಟು ಅವರೇ ಮೇಲೆತ್ತುತ್ತಾರೆ. ಅಲ್ಲಿಂದ ಐದು ಎಣಿಸುವವರೆಗೆ ನಿಧಾನವಾಗಿ ಇಳಿಯುವುದಷ್ಟೇ ನಮ್ಮ ಕೆಲಸ. ಮೈಭಾರವನ್ನು ಮೇಲಕ್ಕೆ ಎತ್ತಲಾಗದ ಸ್ನಾಯು ಅದೇ ಭಾರವನ್ನು ತಡೆದು ತಡೆದು ಕೆಳಗಿಳಿಸಬಲ್ಲದು, ಹಾಗೆ ಇಳಿಸುತ್ತ ಇಳಿಸುತ್ತಲೇ ಎತ್ತುವ ಬಲವೂ ಬೆಳೆಯುತ್ತದೆ. ನೆಲವನ್ನು ಒದ್ದು ನೆಗೆಯುವುದಕ್ಕೆ ಇಲ್ಲಿ ಕಟ್ಟುನಿಟ್ಟಿನ ನಿಷೇಧವಿದೆ. ನೆಗೆದು ಹೋದವರಿಗೆ ನಡುದಾರಿಯಲ್ಲಿ ನಿಲ್ಲಲು ಬರುವುದಿಲ್ಲ, ನಿಲ್ಲಲು ಬಾರದವರು ಹೆದರುವುದು ಸಹಜ ಎಂಬುದು ಅವರ ವಾದ. ನನ್ನ ಭುಜ ಅದಕ್ಕೆ ಸಾಕ್ಷಿ.

ಹಳೇ ದಾವಣಗೆರೆಯ ಗರಡಿಯಲ್ಲಿ ಬೆಳೆದ ನನ್ನ ಸೋದರಮಾವನಿಗೆ ಈ ಕ್ರಮ ಹೊಸದೇನೂ ಅನಿಸಲಿಲ್ಲ. ಕಂಬ, ಡಾನ್ಸ್ ಎಂಬ ಎರಡು ಶಬ್ದ ಒಟ್ಟಿಗೆ ಕೇಳಿ ಮೊದಲು ಮುಖ ಗಂಟಿಕ್ಕಿದ್ದರು. ವಿವರ ಕೇಳಿದ ಮೇಲೆ, ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಇಳಿಯುವ ಮೊದಲು ತಮ್ಮ ಉಸ್ತಾದರು ತಿಂಗಳುಗಟ್ಟಲೆ ಮಟ್ಟಿಯಲ್ಲಿ ಬೀಳುವುದನ್ನೇ ಕಲಿಸಿದ್ದರೆಂದು ಹೇಳಿ, ಮಲ್ಲಕಂಬದ ಮಾತಿಗೆ ಬಂದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಮಾನಸೋಲ್ಲಾಸದಲ್ಲೇ ಮಲ್ಲಸ್ತಂಭದ ಉಲ್ಲೇಖವಿದೆ. ಪೇಶ್ವೆ ಎರಡನೆಯ ಬಾಜಿರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರರು ಅದಕ್ಕೆ ಮತ್ತೆ ಜೀವ ಕೊಟ್ಟರು. ಆದರೆ ಎರಡು ಕಂಬಗಳ ಸ್ವಭಾವ ತದ್ವಿರುದ್ಧ. ಮಲ್ಲಕಂಬ ಮರದ್ದು, ಬುಡ ದಪ್ಪ, ತುದಿ ಸಣ್ಣ, ಮೈಯುಜ್ಜುವಿಕೆ ಕಡಿಮೆಯಾಗಲೆಂದು ಅದಕ್ಕೆ ಹರಳೆಣ್ಣೆ ಸವರುತ್ತಾರೆ. ನಮ್ಮ ಲೋಹದ ಕಂಬಕ್ಕೆ ಎಣ್ಣೆಯೇ ಶತ್ರು.

ಈ ಎಣ್ಣೆಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಅರ್ಧ ಭಯ ಕರಗಿದ್ದು ಇಲ್ಲಿ. ಪೋಲ್ ಮಾಡುವಾಗ ಮೈಯನ್ನು ಹಿಡಿದು ನಿಲ್ಲಿಸುವುದು ಬರಿಯ ಚರ್ಮ. ತುಂಡು ಚಡ್ಡಿ ತೊಡುವುದು ಅದಕ್ಕಾಗಿ, ನೋಟಕ್ಕಾಗಿ ಅಲ್ಲ. ಲೆಗಿಂಗ್ಸ್ ಹಾಕಿದರೆ ಸರ್ರನೆ ಜಾರುತ್ತೇವೆ. ಬೆಳಿಗ್ಗೆ ಕೈಕಾಲಿಗೆ ಕೊಬ್ಬರಿ ಎಣ್ಣೆಯನ್ನೋ ಲೋಷನ್ನನ್ನೋ ಹಚ್ಚಿಕೊಂಡು ಬಂದವರನ್ನು ಶಿಕ್ಷಕಿ ಆ ದಿನ ನೆಲದ ವ್ಯಾಯಾಮಕ್ಕೆ ಕಳಿಸುತ್ತಾರೆ, ಕಂಬಕ್ಕೆ ಬಿಡುವುದಿಲ್ಲ. ಇನ್ನು ಬೆವರು. ಅಂಗೈ ಮತ್ತು ಅಂಗಾಲಿನ ಬೆವರು ಬಿಸಿಲಿಗಷ್ಟೇ ಬರುವುದಿಲ್ಲ, ಆತಂಕಕ್ಕೂ ಬರುತ್ತದೆ. ಹೆದರಿದರೆ ಅಂಗೈ ಒದ್ದೆ, ಒದ್ದೆಯಾದರೆ ಜಾರುವಿಕೆ, ಜಾರಿದರೆ ಮತ್ತಷ್ಟು ಹೆದರಿಕೆ. ಹಳೆಯ ತರಗತಿಯಲ್ಲಿ ನಾನು ಸಿಕ್ಕಿಕೊಂಡಿದ್ದು ಈ ಸುಳಿಯಲ್ಲಿ, ನನ್ನ ಮನಸ್ಸೇ ದುರ್ಬಲವೆಂದು ಅಂದುಕೊಂಡಿದ್ದೆ. ಇಲ್ಲಿ ಪ್ರತಿ ಪ್ರಯತ್ನಕ್ಕೂ ಮೊದಲು ಕಂಬವನ್ನು ಸ್ಪಿರಿಟ್ ಹಾಕಿ ಒರೆಸಿ, ಅಂಗೈಗೆ ಬೆವರಿಗೆ ಜಾರದಂತೆ ಹಿಡಿತ ಕೊಡುವ ಲಿಕ್ವಿಡ್ ಚಾಕ್ ಹಚ್ಚಿ ಒಣಗುವವರೆಗೆ ಕಾಯಿಸುತ್ತಾರೆ. ಮಾರ್ಚ್, ಏಪ್ರಿಲ್‌ನ ದಾವಣಗೆರೆ ಬಿಸಿಲಿನಲ್ಲಿ ಇದು ಎರಡು ನಿಮಿಷಕ್ಕೊಮ್ಮೆ ಮಾಡಬೇಕಾದ ಕೆಲಸ. ಡಿಸೆಂಬರಿನಲ್ಲಿ ಇದಕ್ಕೆ ಉಲ್ಟಾ, ಕಂಬ ತಣ್ಣಗಾಗಿ ಒಣಚರ್ಮ ಹಿಡಿಯುವುದೇ ಇಲ್ಲ, ಆಗ ಟವೆಲ್ಲಿನಿಂದ ತಿಕ್ಕಿ ತಿಕ್ಕಿ ಬೆಚ್ಚಗೆ ಮಾಡಬೇಕು.

ನನ್ನನ್ನು ಅತಿ ಹೆಚ್ಚು ಕಾಡಿದ ವರಸೆ ‘ಔಟ್‌ಸೈಡ್ ಲೆಗ್ ಹ್ಯಾಂಗ್’. ತಲೆಕೆಳಗಾದ ಮೇಲೆ ಹೊರಗಿನ, ಅಂದರೆ ಕಂಬದಿಂದ ದೂರದ ಕಾಲಿನ ಮೊಣಕಾಲನ್ನು ಕಂಬಕ್ಕೆ ಕೊಕ್ಕೆಯಂತೆ ಸಿಕ್ಕಿಸಿ, ಪಕ್ಕೆಯನ್ನು ಕಂಬಕ್ಕೆ ಒತ್ತಿ, ಕೊನೆಗೆ ಎರಡೂ ಕೈ ಬಿಡುವುದು. ಮೈಭಾರವೆಲ್ಲ ಮೊಣಕಾಲಿನ ಹಿಂದಿನ ಮಡಿಕೆಯ ಮೇಲೆ ಬೀಳುತ್ತದೆ, ಆ ಜಾಗದ ಚರ್ಮ ತೆಳು, ಮೊದಲ ವಾರಗಳಲ್ಲಿ ಚಿವುಟಿದಂತೆ ಉರಿದು ಆಮೇಲೆ ಕಂದುಗಟ್ಟುತ್ತದೆ. ನೋವನ್ನು ತಡೆಯಬಹುದು, ನನಗೆ ಆಗದಿದ್ದುದು ದಿಕ್ಕು ತಪ್ಪುವುದು. ತಲೆಕೆಳಗಾದೊಡನೆ ಎಡ ಬಲ ಅದಲುಬದಲಾಗಿ, “ಬಲಗಾಲು” ಎಂದರೆ ಎಡಗಾಲು ಎತ್ತುತ್ತಿದ್ದೆ, ಉಸಿರು ಕಟ್ಟುತ್ತಿತ್ತು. ಶಿಕ್ಷಕಿ ನನ್ನ ಬಲ ಮೊಣಕಾಲಿಗೆ ಒಂದು ಕೆಂಪು ಟೇಪು ಅಂಟಿಸಿ, ಎಡ ಬಲ ಎನ್ನುವುದನ್ನೇ ಬಿಟ್ಟು, ‘ಕೆಂಪು ಸಿಕ್ಕಿಸಿ’ ಎನ್ನತೊಡಗಿದರು. ನಗು ಬರುತ್ತದೆ, ಆದರೆ ಕೆಲಸ ಮಾಡಿತು. ಕೈಯನ್ನೂ ಒಮ್ಮೆಗೇ ಬಿಡಿಸಲಿಲ್ಲ. ಮೊದಲ ದಿನ ಕಿರುಬೆರಳು ಮಾತ್ರ ಬಿಡಿಸಿದರು, ಆಮೇಲೆ ಇಡೀ ಕೈಯನ್ನು ಸಡಿಲಿಸಿ ಕಂಬಕ್ಕೆ ತಾಗಿಸಿಟ್ಟಂತೆ, ಆಮೇಲೆ ಒಂದು ಕೈ. ಎರಡನೆಯ ಕೈ ಬಿಟ್ಟ ದಿನ ನನಗೆ ಕಾಣಿಸಿದ್ದು ತಲೆಕೆಳಗಾದ ಕಿಟಕಿ, ಅದರಾಚೆ ಎದುರು ಮನೆಯ ತಂತಿಯ ಮೇಲೆ ಒಣಹಾಕಿದ ಒಂದು ಹಸಿರು ಸೀರೆ. ಅದರ ಅಂಚಿನ ಜರಿಯನ್ನು ನೋಡುವಷ್ಟು ಹೊತ್ತು ಅಲ್ಲಿದ್ದೆ ಎಂಬುದು ಇಳಿದ ಮೇಲೆ ಹೊಳೆಯಿತು.

ಇವರ ಇನ್ನೊಂದು ಗುಣವೆಂದರೆ ಭಯವನ್ನು ಎಲ್ಲ ಸಲವೂ ಗೆಲ್ಲಬೇಕಾದ ವೈರಿ ಎಂದು ನೋಡದಿರುವುದು. ಒಮ್ಮೆ ಬ್ಯಾಂಕಿನಲ್ಲಿ ವರ್ಷಾಂತ್ಯದ ಲೆಕ್ಕ ಮುಗಿಸಿ, ಮಧ್ಯಾಹ್ನ ಸರಿಯಾಗಿ ಊಟವೂ ಇಲ್ಲದೆ ಹೋಗಿದ್ದೆ. ಅಂದು ನನಗೆ ಬರುವ ವರಸೆಗೇ ಕೈ ನಡುಗಿತು. ಬಲವಂತ ಮಾಡಲಿಲ್ಲ, “ಇವತ್ತು ನಿಮ್ ಮೈ ಹೇಳ್ತಿರೋದು ಖರೇನೇ ಐತಕ್ಕಾ” ಎಂದು ಕೆಳಗೇ ಕೂರಿಸಿ ಭುಜದ ವ್ಯಾಯಾಮ ಮಾಡಿಸಿದರು. ಬಲ ಸಾಲದೆ ಬರುವ ಭಯ ಬೇರೆ, ಬಲ ಇದ್ದೂ ಅಭ್ಯಾಸವಿಲ್ಲದೆ ಬರುವ ಭಯ ಬೇರೆ. ಮೊದಲನೆಯದಕ್ಕೆ ವ್ಯಾಯಾಮ, ಎರಡನೆಯದಕ್ಕೆ ಕಡಿಮೆ ಎತ್ತರದಲ್ಲಿ ಹಲವು ಸಲದ ಪುನರಾವರ್ತನೆ. ಇದನ್ನು ಗುರುತಿಸಲು ಬಾರದವರು ಕಲಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚಿತ್ರದುರ್ಗದ ಕೋಟೆಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಅವರು ಹಗ್ಗವಿಲ್ಲದೆ ಕಲ್ಲುಗೋಡೆ ಏರುವುದರ ಮಾತು ಬಂದೇ ಬರುತ್ತದೆ. ಏರುವಾಗ ಎಲ್ಲರ ಮೊಬೈಲೂ ಮೇಲೇಳುತ್ತದೆ, ಇಳಿಯುವ ಹೊತ್ತಿಗೆ ಅರ್ಧ ಜನ ಮುಂದಿನ ಬಾಗಿಲಿಗೆ ಹೊರಟಿರುತ್ತಾರೆ. ಪೋಲ್ ಕಲಿಯತೊಡಗಿದ ಮೇಲೆ ನನಗೆ ಇಳಿಯುವುದನ್ನು ನೋಡುವ ಚಟ ಹತ್ತಿದೆ.

ಕೊರತೆಗಳು ಇಲ್ಲದಿಲ್ಲ, ಅವುಗಳಲ್ಲಿ ಒಂದು ಗಂಭೀರವಾದದ್ದು. ಮೂರು ಕಂಬಕ್ಕೆ ದಪ್ಪ ಮ್ಯಾಟ್ ಇರುವುದು ಒಂದೇ, ಸುಮಾರು ನಾಲ್ಕು ಇಂಚಿನದು. ತಲೆಕೆಳಗಿನ ವರಸೆ ಮಾಡುವವರ ಕಡೆಗೆ ಅದನ್ನು ಎಳೆದೊಯ್ಯುತ್ತಾರೆ ನಿಜ, ಉಳಿದವರು ಆ ಹೊತ್ತಿಗೆ ಕಂಬ ಹತ್ತುವಂತಿಲ್ಲ ಎಂಬ ನಿಯಮವೂ ಇದೆ, ಆದರೆ ಇದರಿಂದ ಒಂದು ಗಂಟೆಯ ತರಗತಿಯಲ್ಲಿ ನಮ್ಮ ಪಾಲಿಗೆ ಬರುವುದು ಇಪ್ಪತ್ತು ನಿಮಿಷ. ಎಂಟು ಜನರ ಬ್ಯಾಚಿಗೆ ಒಬ್ಬರೇ ಶಿಕ್ಷಕಿ ಸಾಲದು. ಇನ್ನೆರಡು ಮ್ಯಾಟ್ ತರಿಸುವುದಾಗಿ ಯುಗಾದಿಯಿಂದ ಹೇಳುತ್ತಿದ್ದಾರೆ. ಬಟ್ಟೆ ಬದಲಿಸುವ ಕೋಣೆ ಎಂದರೆ ಪರದೆ ಕಟ್ಟಿದ ಒಂದು ಮೂಲೆ. ಎರಡೂ ಪಕ್ಕದ ಅಭ್ಯಾಸವನ್ನು ಇನ್ನೂ ಶಿಸ್ತಾಗಿ ಮಾಡಿಸಬೇಕು. ನಮ್ಮಲ್ಲಿ ಹಲವರಿಗೆ ಬಲಪಕ್ಕದ ವರಸೆ ಮಾತ್ರ ಬರುತ್ತದೆ, ಒಂದೇ ಭುಜಕ್ಕೆ ಭಾರ ಬಿದ್ದು ಬಿದ್ದು ನೋವು ಶುರುವಾಗಿದೆ.

ತಿಂಗಳಿಗೆ ಎಂಟು ತರಗತಿ, ಶುಲ್ಕ 2,400 ರೂಪಾಯಿ, ಚಾಕ್ ನಮ್ಮದೇ. ಪಿ.ಬಿ. ರಸ್ತೆಯ ಕಡೆಯಿಂದ ಬರುವವರಿಗೆ ಸಂಜೆ ಆರರ ಬ್ಯಾಚಿಗಿಂತ ಏಳರದ್ದು ಅನುಕೂಲ, ಆಗ ಕಂಬವೂ ಮೊದಲ ಬ್ಯಾಚಿನವರಿಂದ ಬೆಚ್ಚಗಾಗಿರುತ್ತದೆ. ಬರುವ ದಾರಿಯಲ್ಲಿ ಬೆಣ್ಣೆದೋಸೆ ಬೇಡ, ತಲೆಕೆಳಗಾದಾಗ ಅದು ಗಂಟಲಿಗೇ ಬರುತ್ತದೆ, ಮುಗಿಸಿಕೊಂಡು ಹೋಗುವಾಗ ತಿನ್ನಬಹುದು. ಮೂರು ತಿಂಗಳಲ್ಲಿ ಫೋಟೋಗೆ ನಿಲ್ಲುವಂಥ ವರಸೆ ಬೇಕೆನ್ನುವವರಿಗೆ ಇಲ್ಲಿನ ನಿಧಾನಗತಿ ಬೇಸರ ತರಿಸೀತು. ನಮ್ಮ ಬ್ಯಾಚಿನಲ್ಲೇ ಇಬ್ಬರು ಹಾಗೆ ಬಿಟ್ಟುಹೋದರು. ಕಂಬಕ್ಕೆ ಭುಜ ಒತ್ತಿ ತಲೆಕೆಳಗಾಗುವ ‘ಶೋಲ್ಡರ್ ಮೌಂಟ್’ ನನಗೆ ಇನ್ನೂ ಕಲಿಸಿಲ್ಲ. ಇನ್ವರ್ಟಿನಿಂದ ಇಳಿಯುವಾಗಿನ ಐದು ಎಣಿಕೆ ಎರಡೂ ಪಕ್ಕದಲ್ಲಿ ಬರಬೇಕಂತೆ. ಬಲಗಡೆ ಐದಾಗಿದೆ, ಎಡಗಡೆ ಮೂರಕ್ಕೇ ಜಾರುತ್ತಿದ್ದೇನೆ.