ಬಿರುಕು ಬಿಟ್ಟ ಲಿಂಟಲ್: ತೇಪೆ, ಆಂಗಲ್, ಹೊಸ ಲಿಂಟಲ್ ಮೂರನ್ನೂ ಮಾಡಿಸಿ ನೋಡಿದ ಮೇಲೆ

ಬಾಗಿಲ ಮೇಲಿನ ಲಿಂಟಲ್, ಅಂದರೆ ಮೇಲಿನ ಗೋಡೆ ಹೊರಲು ಅಡ್ಡಲಾಗಿ ಕೂರಿಸಿದ ಕಾಂಕ್ರೀಟ್ ತೊಲೆ, ಬಿರುಕು ಬಿಟ್ಟರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪುಟ್ಟಿ ತುಂಬಿ ಬಣ್ಣ ಹೊಡೆಸಿ ಅಂತ ಒಬ್ಬರು. ಕೆಳಗೆ ಕಬ್ಬಿಣದ ಆಂಗಲ್ (L ಆಕಾರದ ಪಟ್ಟಿ) ಕೊಡಿಸಿ ಅಂತ ಇನ್ನೊಬ್ಬರು. ಪೂರ್ತಿ ಕಿತ್ತು ಹೊಸದು ಹಾಕದೆ ಆಗಲ್ಲ ಅಂತ ಮತ್ತೊಬ್ಬರು. ನಮ್ಮ ಹಳೆ ಮನೆಯಲ್ಲಿ ಒಂದೊಂದು ಬಾಗಿಲಿಗೆ ಒಂದೊಂದು ದಾರಿ ಹಿಡಿಯಬೇಕಾಯಿತು. ಹಾಗಾಗಿ ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಿರುಕಿನ ಅಗಲ ನೋಡಿ ತೀರ್ಮಾನ ಮಾಡಬೇಡಿ, ಒಳಗಿನ ಕಂಬಿ ನೋಡಿ ಮಾಡಿ.

ಬಿರುಕು ಯಾವ ಕಡೆಗೆ ಓಡಿದೆ ಅನ್ನುವುದರಲ್ಲೇ ಎಷ್ಟೋ ವಿಷಯ ತಿಳಿಯುತ್ತದೆ. ಲಿಂಟಲ್‌ನ ತಳದ ಅಂಚಿನಲ್ಲಿ ಉದ್ದಕ್ಕೂ ಗೀಟು ಬಿದ್ದು, ಅಲ್ಲಲ್ಲಿ ಕಂದು ಕಲೆ ಕಂಡರೆ ಒಳಗೆ ಕಂಬಿ ತುಕ್ಕು ಹಿಡಿದಿದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ ಜಾಗ ಬೇಕು, ಹಾಗಾಗಿ ಮೇಲಿನ ಕಾಂಕ್ರೀಟನ್ನು ಒಡೆದುಕೊಂಡೇ ಬರುತ್ತದೆ. ನಡುಮಧ್ಯದಲ್ಲಿ ತಳದಿಂದ ಮೇಲಕ್ಕೆ ಹೋದ ಬಿರುಕಾದರೆ ಭಾರಕ್ಕೆ ಲಿಂಟಲ್ ಬಾಗಿದೆ ಎಂದರ್ಥ. ಬಾಗಿಲ ಮೂಲೆಯಿಂದ ಓರೆಯಾಗಿ, ಇಟ್ಟಿಗೆ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗಿದ್ದರೆ ಪಾಯ ಕುಸಿದಿದೆಯಾ ಅಂತ ಮೊದಲು ನೋಡಬೇಕು. ಅಲ್ಲಿ ಲಿಂಟಲ್ ಬದಲಿಸಿ ಪ್ರಯೋಜನವಿಲ್ಲ, ಹೊಸದರ ಪಕ್ಕದಲ್ಲೂ ಅದೇ ಬಿರುಕು ಬರುತ್ತದೆ.

ಬಿರುಕು ಬೆಳೆಯುತ್ತಿದೆಯಾ ಅಂತ ತಿಳಿಯಲು ಪ್ಲಾಸ್ಟರ್ ಕೆತ್ತಿ, ಕಾಂಕ್ರೀಟಿಗೇ ತೆಳು ಗಾಜಿನ ಚೂರನ್ನು ಅಡ್ಡಲಾಗಿ ಎಪಾಕ್ಸಿಯಿಂದ (ಎರಡು ದ್ರವ ಬೆರೆಸಿ ಮಾಡುವ ಗಟ್ಟಿ ಅಂಟು) ಅಂಟಿಸಿ ತಾರೀಖು ಬರೆದಿಟ್ಟೆವು. ಗಾಜು ಸೀಳಿದರೆ ಗೋಡೆ ಇನ್ನೂ ಅಲುಗಾಡುತ್ತಿದೆ. ಪ್ಲಾಸ್ಟರ್ ಮೇಲೇ ಅಂಟಿಸಿದರೆ ಏನೂ ಗೊತ್ತಾಗಲ್ಲ.

ಪುಟ್ಟಿ ವಿಷಯ ಬೇಗ ಮುಗಿಸುತ್ತೇನೆ. ಅದು ಬಣ್ಣದ ಕೆಲಸ, ರಿಪೇರಿ ಅಲ್ಲ. ಎಪಾಕ್ಸಿ ಇಂಜೆಕ್ಷನ್ ಹಾಗಲ್ಲ. ಬಿರುಕಿನ ಮೇಲೆ ಸಣ್ಣ ನಳಿಕೆ ಕೂರಿಸಿ, ಉಳಿದ ಬಾಯಿ ಮುಚ್ಚಿ, ತುಂಬಾ ತೆಳುವಾದ ಎಪಾಕ್ಸಿಯನ್ನು ಒತ್ತಡದಲ್ಲಿ ಒಳಗೆ ತಳ್ಳುತ್ತಾರೆ. ಒಳಕೋಣೆಯ ಬಾಗಿಲಿಗೆ ಇದನ್ನೇ ಮಾಡಿಸಿದೆವು. ಅಲ್ಲಿ ಗಾಜು ಸೀಳಿರಲಿಲ್ಲ, ಕಂಬಿ ಸ್ವಚ್ಛವಾಗಿತ್ತು. ಒಂದಿಷ್ಟೂ ಧೂಳಿಲ್ಲದೆ ಕೆಲಸ ಮುಗಿಯಿತು, ಇವತ್ತಿಗೂ ಬಿಗಿಯಾಗಿದೆ. ಆದರೆ ತುಕ್ಕು ಹಿಡಿದ ಲಿಂಟಲ್‌ಗೆ ಇದು ಬೇಡ. ಒಳಗೆ ತುಕ್ಕು ಊದುತ್ತಲೇ ಇರುತ್ತದೆ, ಎಪಾಕ್ಸಿಯ ಪಕ್ಕದಲ್ಲಿ ಹೊಸ ಬಿರುಕು ತೆರೆಯುತ್ತದೆ.

ನಿಜವಾದ ಪೈಪೋಟಿ ಉಳಿದ ಮೂರರ ನಡುವೆ: ತೇಪೆ, ಆಂಗಲ್, ಹೊಸ ಲಿಂಟಲ್.

ಹಿಂಬಾಗಿಲಿಗೆ ತೇಪೆ ಹಾಕಿಸಿದೆವು. ಕೆತ್ತುವ ಮುಂಚೆ ಜಾಕಿ (ಕೆಳಗಿಂದ ಬಿಗಿಸುವ ಕಬ್ಬಿಣದ ಆಸರೆ ಕಂಬ) ಕೊಡಲೇಬೇಕು, ಏಕೆಂದರೆ ತಳದ ಕಾಂಕ್ರೀಟ್ ಹೋದರೆ ಕಂಬಿಗೆ ಹಿಡಿತವೇ ಇರುವುದಿಲ್ಲ. ಬಾಗಿಲ ಚೌಕಟ್ಟು ಗೋಡೆಯ ಪೂರ್ತಿ ದಪ್ಪಕ್ಕೆ ಇರಲಿಲ್ಲ. ಹಾಗಾಗಿ ಉಳಿದ ಜಾಗದಲ್ಲಿ ಲಿಂಟಲ್ ತಳಕ್ಕೇ ಹಲಗೆ ಇಟ್ಟು ಜಾಕಿ ಬಿಗಿಸಲು ಆಯಿತು. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಉಳಿ ಹಾಕಿದರು. ಕಂಬಿಯ ಮುಂಭಾಗ ಮಾತ್ರ ಬಿಡಿಸಿದರೆ ಸಾಲದು. ಹಿಂದೆಯೂ ಬೆರಳು ತೂರುವಷ್ಟು, ಸುಮಾರು 20 ಮಿ.ಮೀ. ಜಾಗ ಬಿಡಿಸಬೇಕು. ಇಲ್ಲದಿದ್ದರೆ ಹಿಂಭಾಗದ ತುಕ್ಕು ಹಾಗೇ ಉಳಿದು ಒಳಗಿಂದಲೇ ತೇಪೆಯನ್ನು ತಳ್ಳುತ್ತದೆ. ಆಮೇಲೆ ವೈರ್ ಬ್ರಷ್‌ನಲ್ಲಿ ಉಜ್ಜಿ, ಜಿಂಕ್ ಪ್ರೈಮರ್ ಬಳಿದು, ಪಾಲಿಮರ್ ಗಾರೆಯನ್ನು ತೆಳು ಪದರಗಳಲ್ಲಿ ಒತ್ತಿದರು. ಒಂದೇ ಸಲ ದಪ್ಪಗೆ ಒತ್ತಿದರೆ ತನ್ನ ಭಾರಕ್ಕೇ ಜೋತುಬೀಳುತ್ತದೆ.

ಪ್ರೈಮರ್ ಬಳಿಯುವ ಮುಂಚೆ ಕಂಬಿ ಅಳೆಯುವ ಹಂತವನ್ನು ಮಾತ್ರ ಬಿಡಬೇಡಿ. ತುಕ್ಕೆಲ್ಲ ಪದರ ಪದರವಾಗಿ ಉದುರಿದ ಮೇಲೆ ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು ನೋಡಿ. 12 ಮಿ.ಮೀ. ಕಂಬಿ 11ಕ್ಕೆ ಇಳಿದಿದ್ದರೆ ಅದರ ಅಡ್ಡ ಕೊಯ್ದ ಮುಖದ ವಿಸ್ತೀರ್ಣದಲ್ಲಿ ಶೇ. 16ರಷ್ಟು ಹೋಗಿದೆ. 10ಕ್ಕೆ ಇಳಿದಿದ್ದರೆ ಶೇ. 30 ಹೋಗಿದೆ. ಕಣ್ಣಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಕಾಲು ಭಾಗದ ಹತ್ತಿರ ಹೋಗಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಸೇರಿಸಬೇಕು. ಅದಕ್ಕೆ ಜಾಗವಿಲ್ಲದಿದ್ದರೆ ತೇಪೆಯ ಆಸೆ ಬಿಡಬೇಕು. ನಮ್ಮ ಹಿಂಬಾಗಿಲಲ್ಲಿ ಅಷ್ಟು ಹೋಗಿರಲಿಲ್ಲ, ತೇಪೆ ಗಟ್ಟಿಯಾಗಿ ನಿಂತಿದೆ. ತೇಪೆಗಿರುವ ಒಂದು ತೊಡಕೆಂದರೆ ಚೌಕಟ್ಟಿನ ನೇರ ಮೇಲಿರುವ ಕಂಬಿ ಕೈಗೆ ಸಿಗುವುದಿಲ್ಲ. ಅದನ್ನು ಬಿಡಿಸಬೇಕಾದರೆ ಚೌಕಟ್ಟನ್ನೇ ತೆಗೆಯಬೇಕು.

ಸಾಮಾನು ಕೋಣೆಯ ಬಾಗಿಲಿಗೆ 75×75×6 ಮಿ.ಮೀ. ಆಂಗಲ್, ಗೋಡೆಯ ಎರಡೂ ಮುಖಕ್ಕೆ ಒಂದೊಂದು. ಲಿಂಟಲ್ ಕೂತ ಗಾರೆ ಸಂದಿಯನ್ನು ಕೊರೆದು, 6 ಮಿ.ಮೀ. ದಪ್ಪದ ಕಾಲನ್ನು ಅದರೊಳಗೆ ತೂರಿಸಿದರು. ಎರಡೂ ತುದಿ ಗೋಡೆಯೊಳಗೆ 150 ಮಿ.ಮೀ. ಕೂತಿವೆ. ಒಂದು ಮುಖ ಮುಗಿದು ಗಟ್ಟಿಯಾದ ಮೇಲೆ ಇನ್ನೊಂದು ಮುಖ. ಗೋಡೆ ಯಾವ ಹೊತ್ತಿನಲ್ಲೂ ಪೂರ್ತಿ ಆಧಾರ ತಪ್ಪುವುದಿಲ್ಲ, ಇದೇ ಈ ದಾರಿಯ ದೊಡ್ಡ ಗುಣ. ಆದರೆ ಆಂಗಲ್ ಸುಮ್ನೆ ಅಲ್ಲಿ ಕೂತರೆ ಭಾರ ಹೊರುವುದಿಲ್ಲ. ಅದರ ಮತ್ತು ಲಿಂಟಲ್ ನಡುವಿನ ಸಂದಿಗೆ ಗಟ್ಟಿ ಗಾರೆಯನ್ನು ಬಡಿದು ತುಂಬಬೇಕು. ಮುಷ್ಟಿಯಲ್ಲಿ ಹಿಂಡಿದರೆ ಆ ಗಾರೆ ಉಂಡೆಯಾಗಬೇಕು, ನೀರು ಜಿನುಗಬಾರದು. ತೆಳು ಗಾರೆ ಒಣಗುವಾಗ ಕುಗ್ಗುತ್ತದೆ, ಆಗ ಲಿಂಟಲ್ ಇನ್ನಷ್ಟು ಇಳಿದ ಮೇಲೆಯೇ ಆಂಗಲ್‌ಗೆ ಕೆಲಸ.

ಬಲದ ವಿಷಯದಲ್ಲಿ ನನಗೆ ದೂರಿಲ್ಲ. ನೋಟದ ವಿಷಯದಲ್ಲಿ ಇದೆ. ಕಬ್ಬಿಣಕ್ಕೆ ಪ್ಲಾಸ್ಟರ್ ಹಿಡಿಯಲ್ಲ, ಚಿಕನ್ ಮೆಶ್ (ತೆಳು ತಂತಿ ಬಲೆ) ಬಿಗಿದು ಹಚ್ಚಿದರೂ ಆಂಗಲ್ ಅಂಚಿನಲ್ಲಿ ಕೂದಲೆಳೆಯ ಗೀಟು ಕಾಣಿಸಿಕೊಂಡಿದೆ. ಮಳೆ ಹೊಡೆಯುವ ಮುಖಕ್ಕೆ ಆಂಗಲ್ ಹಾಕುವುದಾದರೆ ಗ್ಯಾಲ್ವನೈಸ್ ಆದದ್ದನ್ನೇ (ಸತು ಲೇಪಿಸಿದ್ದನ್ನೇ) ಹಾಕಿ.

ಮುಂಬಾಗಿಲಿಗೆ ಬೇರೆ ದಾರಿ ಇರಲಿಲ್ಲ. ಕಂಬಿ ಅರ್ಧಕ್ಕರ್ಧ ತಿಂದುಹೋಗಿತ್ತು, ಒಂದು ತುದಿ ಗೋಡೆಯಲ್ಲಿ ನಾಲ್ಕು ಬೆರಳೂ ಕೂತಿರಲಿಲ್ಲ. ಹೊಸದು ಹಾಕುವುದೆಂದರೆ ಮೇಲಿನ ಗೋಡೆ ಬೀಳುತ್ತದೆ ಅಂತ ಎಲ್ಲರಿಗೂ ಭಯ. ಸ್ವಲ್ಪ ಲೆಕ್ಕ ಹಾಕಿದರೆ ಭಯ ಕಡಿಮೆಯಾಗುತ್ತದೆ. ಇಟ್ಟಿಗೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಲಿಂಟಲ್ ಹೊರುವುದು ಬಾಗಿಲ ಮೇಲಿನ ತ್ರಿಕೋನದಷ್ಟು ಗೋಡೆಯನ್ನು ಮಾತ್ರ. ತ್ರಿಕೋನದ ಮೂರೂ ಬದಿ 1.2 ಮೀಟರ್, ಗೋಡೆ ದಪ್ಪ 9 ಇಂಚು ಅಂದರೆ ಸುಮಾರು 270 ಕೆ.ಜಿ. ಉಳಿದ ಭಾರ ಕಮಾನಿನಂತೆ ಪಕ್ಕಕ್ಕೆ ಇಳಿಯುತ್ತದೆ. ಆದರೆ ಆ ತ್ರಿಕೋನದೊಳಗೆ ಬೀಮ್ ಅಥವಾ ಚಾವಣಿ ಬಂದು ಕೂತಿದ್ದರೆ ಈ ಲೆಕ್ಕ ನಡೆಯಲ್ಲ. ಅಂಥ ಕಡೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಒಂದು ಇಟ್ಟಿಗೆಯನ್ನೂ ಮುಟ್ಟಿಸಬೇಡಿ.

ಲಿಂಟಲ್ ಮೇಲೆ ಗೋಡೆ ತೂತು ಮಾಡಿ, ಗಟ್ಟಿ ತೊಲೆ ತೂರಿಸಿ, ಎರಡೂ ಕಡೆ ಜಾಕಿ ಕೊಟ್ಟರು. ಜಾಗದಲ್ಲೇ ಕಾಂಕ್ರೀಟ್ ಹಾಕುವುದೋ, ನೆಲದ ಮೇಲೆ ಮಾಡಿ ಎತ್ತಿ ಕೂರಿಸುವುದೋ ಅಂತ ಚರ್ಚೆಯಾಯಿತು. ಜಾಗದಲ್ಲೇ ಹಾಕಿದರೆ ಎತ್ತುವ ಕಷ್ಟವಿಲ್ಲ. ಆದರೆ ಮೇಲೆ ಇಟ್ಟಿಗೆ ಇರುವುದರಿಂದ ಕಾಂಕ್ರೀಟ್ ಪೂರ್ತಿ ತುಂಬುವುದಿಲ್ಲ, ಜಾಕಿ ತೆಗೆಯಲು ಎರಡು ವಾರ ಕಾಯಬೇಕು, ಅಷ್ಟೂ ದಿನ ಬಾಗಿಲಲ್ಲಿ ತೊಲೆ. ನಾವು ನೆಲದ ಮೇಲೆ ಮಾಡಿಸಿದೆವು. ಒಂದೂವರೆ ಮೀಟರ್ ಉದ್ದ, 9 ಇಂಚು ಅಗಲ, 6 ಇಂಚು ಎತ್ತರ. ತೂಕ 120 ಕೆ.ಜಿ.ಗಿಂತ ಜಾಸ್ತಿ, ನಾಲ್ಕು ಜನ ಬೇಕೇ ಬೇಕು. ಒದ್ದೆ ಗೋಣಿಚೀಲ ಹೊದಿಸಿ ಚೆನ್ನಾಗಿ ಕ್ಯೂರಿಂಗ್ ಮಾಡಿದ ಮೇಲೇ ಎತ್ತಿದ್ದು. ದಪ್ಪ ಕಂಬಿ ತಳದಲ್ಲಿರುತ್ತದೆ, ತಲೆಕೆಳಗಾಗಿ ಕೂರಿಸಿದರೆ ಅದರಿಂದ ಉಪಯೋಗವಿಲ್ಲ. ಕಾಂಕ್ರೀಟ್ ಹಸಿ ಇರುವಾಗಲೇ ಮೇಸ್ತ್ರಿ ಮೊಳೆಯಿಂದ "ಮೇಲೆ" ಅಂತ ಗೀಚಿದರು. ಗೋಡೆ ತೆರೆದಿದ್ದು ಕೆಲವೇ ಗಂಟೆ.

ಹೊಸ ಲಿಂಟಲ್ ಮೇಲೆ ನನಗಿರುವಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಆದರೂ ಕಂಬಿ ಚೆನ್ನಾಗಿದ್ದರೆ ತೇಪೆಯನ್ನೇ ಮಾಡಿಸಿ ಅನ್ನುತ್ತೇನೆ. ಗೋಡೆ ಬಿಚ್ಚದೆ ಉಳಿಯುತ್ತದೆ, ಬಾಗಿಲು ಕದಲುವುದಿಲ್ಲ. ಆಂಗಲ್ ನನ್ನ ಲೆಕ್ಕದಲ್ಲಿ ನೋಟ ಮುಖ್ಯವಲ್ಲದ ಕಡೆಗೆ, ಅಥವಾ ಗೋಡೆ ಬಿಚ್ಚಲು ಧೈರ್ಯ ಬಾರದ ಕಡೆಗೆ.

ಯಾವುದನ್ನೇ ಆರಿಸಿ, ಕಂಬಿಗೆ ನೀರು ಎಲ್ಲಿಂದ ಬಂತು ಅಂತ ಹುಡುಕಿ. ನಮ್ಮಲ್ಲಿ ಬಾಗಿಲ ಮೇಲಿನ ಸಜ್ಜಾದ ತಳದಲ್ಲಿ ನೀರು ಹಿಂದಕ್ಕೆ ಹರಿದು ಲಿಂಟಲ್ ಸೇರುತ್ತಿತ್ತು. ಸಜ್ಜಾದ ತಳಕ್ಕೆ, ಹೊರ ಅಂಚಿನ ಪಕ್ಕದಲ್ಲಿ, ಉದ್ದಕ್ಕೂ ಕಾಲುವೆಯಂಥ ಒಂದು ಸಣ್ಣ ತೋಡು ಕೊರೆಸಿದೆವು. ಈಗ ನೀರು ಅಲ್ಲಿಗೇ ಬಂದು ತೊಟ್ಟಿಕ್ಕುತ್ತದೆ, ಗೋಡೆಯವರೆಗೆ ಬರುವುದಿಲ್ಲ.