ಮಕ್ಕಳ ಫೋನಿಗೆ ಯಾವ ಕಾವಲು? ನಾಲ್ಕನ್ನೂ ಬಳಸಿ ನೋಡಿದ್ದು

ಮಕ್ಕಳ ಕೈಗೆ ಫೋನ್ ಕೊಡುವಾಗ ಎಲ್ಲರೂ ತಲೆ ಕೆಡಿಸಿಕೊಳ್ಳುವುದು ದಿನಕ್ಕೆ ಎಷ್ಟು ಹೊತ್ತು ಬಿಡಬೇಕು ಅಂತ. ನನಗೆ ಅದಕ್ಕಿಂತ ದೊಡ್ಡ ಚಿಂತೆ, ಗುರುತು ಪರಿಚಯ ಇಲ್ಲದವರು ಈ ಫೋನಿನಲ್ಲಿ ಮಗುವನ್ನು ಮಾತಾಡಿಸಬಹುದಾ ಅನ್ನುವುದು. ಆಗಬಾರದ್ದು ಆಗುವುದಕ್ಕೆ ಅರ್ಧ ಗಂಟೆಯೂ ಸಾಕು, ಅಲ್ವಾ? ಮನೆಯ ವೈಫೈಗೆ ಹಾಕುವ ಫಿಲ್ಟರ್, ಯೂಟ್ಯೂಬ್ ಕಿಡ್ಸ್, ಗೂಗಲ್‌ನ ಫ್ಯಾಮಿಲಿ ಲಿಂಕ್, ಐಫೋನಿನ ಸ್ಕ್ರೀನ್ ಟೈಮ್, ಈ ನಾಲ್ಕನ್ನೂ ನಾನು ಅಳೆದದ್ದು ಇದೇ ಲೆಕ್ಕದಲ್ಲಿ.

ಮೊದಲನೆಯದು ಡಿಎನ್‌ಎಸ್ ಫಿಲ್ಟರ್, ಅಂದರೆ ಸೈಟಿನ ಹೆಸರು ನೋಡಿ ಕೆಟ್ಟದ್ದು ತೆರೆಯದ ಹಾಗೆ ತಡೆಯುವ ಜರಡಿ. ಮನೆಯ ವೈಫೈ ರೌಟರ್‌ನಲ್ಲಿ ಡಿಎನ್‌ಎಸ್ ವಿಳಾಸದ ಜಾಗದಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಅಂತ ಹಾಕಿದರೆ ಅಶ್ಲೀಲ ಸೈಟುಗಳೂ ವೈರಸ್ ಹರಡುವ ಸೈಟುಗಳೂ ತೆರೆಯುವುದಿಲ್ಲ. 2020ರಿಂದ ಇದೆ, ಕಾಸು ಕೊಡಬೇಕಿಲ್ಲ, ಹಾಕುವುದಕ್ಕೆ ಐದೇ ನಿಮಿಷ. ಆದರೆ ಮಗು ವೈಫೈ ಬಿಟ್ಟು ಮೊಬೈಲ್ ಡೇಟಾ ಹಾಕಿಕೊಂಡರೆ ರೌಟರ್‌ನ ಆಟ ಮುಗಿಯಿತು. ಫೋನಿನ ಸಂಪರ್ಕವನ್ನು ಬೇರೆ ದಾರಿಯಲ್ಲಿ ಕಳಿಸುವ ವಿಪಿಎನ್ ಆ್ಯಪ್ ಹಾಕಿದರೂ ಅಷ್ಟೇ. ಅದೂ ಅಲ್ಲದೆ ಇದು ನೋಡುವುದು ಸೈಟಿನ ಹೆಸರನ್ನು ಮಾತ್ರ. ಒಂದು ಆ್ಯಪ್‌ನ ಒಳಗೆ ಯಾರು ಯಾರಿಗೆ ಏನು ಬರೆದರು ಅನ್ನುವುದು ಇದಕ್ಕೆ ಕಾಣುವುದೇ ಇಲ್ಲ. ಇರಲಿ, ಇದ್ದರೆ ನಷ್ಟವೇನೂ ಇಲ್ಲ. ಇದೊಂದನ್ನೇ ನಂಬಿ ಕೂರಬೇಡಿ.

ಪುಟ್ಟ ಮಕ್ಕಳಿಗೆ ನನ್ನ ಓಟು ಯೂಟ್ಯೂಬ್ ಕಿಡ್ಸ್‌ಗೆ. ಅದರಲ್ಲಿ ಕಾಮೆಂಟ್ ಬರೆಯುವ ಜಾಗವೇ ಇಲ್ಲ, ಹೊರಗಿನವರು ಬಂದು ಮಾತಾಡಿಸುವ ದಾರಿಯೂ ಇಲ್ಲ. ಆದರೆ ವಯಸ್ಸಿನ ಗುಂಪು ಆರಿಸಿ ಸುಮ್ನೆ ಬಿಟ್ಟರೆ, ಯಾವ ವಿಡಿಯೊ ಬರಬೇಕು ಅಂತ ತೀರ್ಮಾನಿಸುವುದು ಹೆಚ್ಚಾಗಿ ಯಂತ್ರ. ನಾನು ಬಳಸುವುದು ನಾವು ಒಪ್ಪಿದ ಚಾನೆಲ್‌ಗಳನ್ನು ಮಾತ್ರ ತೋರಿಸುವ ಆಯ್ಕೆ. ಆಗ ಹುಡುಕುವ ಸೌಲಭ್ಯವೂ ಬಂದ್ ಆಗುತ್ತದೆ. ಕೂತು ಒಂದೊಂದೇ ಚಾನೆಲ್ ಆರಿಸುವುದು ಬೇಸರದ ಕೆಲಸ, ಸುಳ್ಳು ಹೇಳುವುದಿಲ್ಲ. ಇನ್ನೊಂದು ತಮಾಷೆ ಇದೆ. ಸೆಟ್ಟಿಂಗ್ಸ್‌ಗೆ ಹೋಗುವಾಗ ಅದು ದೊಡ್ಡವರೇ ಹೌದಾ ಅಂತ ನೋಡಲು ಒಂದು ಗುಣಾಕಾರದ ಲೆಕ್ಕ ಕೇಳುತ್ತದೆ. ಮಗ್ಗಿ ಬರುವ ಮಗುವಿಗೆ ಇದೇನು ಬೀಗ! ಮೊದಲ ದಿನವೇ ನಿಮ್ಮದೇ ಪಾಸ್‌ಕೋಡ್ ಹಾಕಿಬಿಡಿ.

ಸ್ವಲ್ಪ ದೊಡ್ಡ ಮಕ್ಕಳಿಗೆ ಆಂಡ್ರಾಯ್ಡ್ ಫೋನ್ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್. ಹೊತ್ತಿನ ಮಿತಿ, ರಾತ್ರಿ ಬೀಗ, ಫೋನ್ ಎಲ್ಲಿದೆ ಅನ್ನುವುದು ಎಲ್ಲ ಇದೆ. ನನಗೆ ನಿಜಕ್ಕೂ ಉಪಯೋಗಕ್ಕೆ ಬಂದಿದ್ದು ಇವ್ಯಾವುದೂ ಅಲ್ಲ, ಹೊಸ ಆ್ಯಪ್ ಹಾಕಿಕೊಳ್ಳುವ ಮೊದಲು ನನ್ನ ಫೋನಿಗೆ ಬರುವ ವಿನಂತಿ. ಅದು ಬಂದಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ಲೇ ಸ್ಟೋರ್‌ನಲ್ಲಿ ಆ ಆಟದ ಪುಟ ತೆಗೆಯುತ್ತೇನೆ. ವಯಸ್ಸಿನ ರೇಟಿಂಗ್‌ನ ವಿವರದಲ್ಲಿ 'ಯೂಸರ್ಸ್ ಇಂಟರ್‌ಆ್ಯಕ್ಟ್' ಅಂತ ಇದ್ದರೆ, ಆಡುವವರು ಒಬ್ಬರಿಗೊಬ್ಬರು ಮಾತಾಡಬಹುದು ಅಂತ ತಿಳಿಯಬೇಕು. ಎಷ್ಟೋ ಜನ ಆ ಸಾಲನ್ನು ನೋಡುವುದೇ ಇಲ್ಲ. ಬಣ್ಣ ಬಳಿಯುವ ಆಟ ಅಂತ ಅವಳು ಕೇಳಿದ್ದರಲ್ಲೂ ಅದು ಇತ್ತು. "ಚಾಟ್ ಯಾಕಮ್ಮ ಬೇಕು ಬಣ್ಣ ಬಳಿಯೋಕೆ?" ಅಂದಳು ಅವಳೇ.

ಆದರೆ ಒಮ್ಮೆ ಒಪ್ಪಿದ ಆ್ಯಪ್ ಅಪ್‌ಡೇಟ್ ಆಗುವಾಗ ಮತ್ತೆ ನಮ್ಮನ್ನು ಕೇಳುವುದಿಲ್ಲ. ಅಪ್‌ಡೇಟ್‌ನಲ್ಲಿ ಹೊಸದಾಗಿ ಚಾಟ್ ಬಂದರೂ ನಮಗೆ ಗೊತ್ತಾಗುವುದಿಲ್ಲ. ಮೆಸೇಜ್‌ಗಳನ್ನೂ ಫ್ಯಾಮಿಲಿ ಲಿಂಕ್ ತೋರಿಸುವುದಿಲ್ಲ. ಅದು ತೋರಿಸಬಾರದು ಅಂತಲೇ ನನ್ನ ಅಭಿಪ್ರಾಯ.

ಐಫೋನಿನ ಸ್ಕ್ರೀನ್ ಟೈಮ್ ನೋಡಿದ್ದು ತಂಗಿಯ ಮಗನ ಫೋನಿನಲ್ಲಿ. 2018ರಲ್ಲಿ ಬಂದಾಗ ಹೊತ್ತಿನ ಲೆಕ್ಕ, ಹೊತ್ತಿನ ಮಿತಿ ಇಂಥವು ಇದ್ದವು, ಈಗ ಬಹಳ ಬೆಳೆದಿದೆ. ಮಗು ಯಾರ ಜೊತೆ ಮಾತಾಡಬಹುದು ಅಂತ ಕಾಂಟ್ಯಾಕ್ಟ್ಸ್‌ನಲ್ಲಿ ಇರುವವರಿಗೆ ಮಾತ್ರ ಸೀಮಿತ ಮಾಡಬಹುದು. ಮೆಸೇಜ್‌ನಲ್ಲಿ ಬೆತ್ತಲೆ ಚಿತ್ರ ಬಂದರೆ ಮಸುಕು ಮಾಡಿ ಎಚ್ಚರಿಸುತ್ತದೆ. ಈ ಪರೀಕ್ಷೆ ಫೋನಿನೊಳಗೇ ನಡೆಯುತ್ತದೆ, ಚಿತ್ರ ಆ್ಯಪಲ್‌ಗೆ ಹೋಗುವುದಿಲ್ಲ. ಫ್ಯಾಮಿಲಿ ಲಿಂಕ್‌ಗಿಂತ ಇದು ಒಂದು ಕೈ ಮೇಲು ಅನ್ನಿಸಿದ್ದು ಇಲ್ಲೇ. ಆದರೆ ಕಾಂಟ್ಯಾಕ್ಟ್ಸ್ ಮಿತಿ ನಡೆಯುವುದು ಕರೆ, ಮೆಸೇಜಸ್, ಫೇಸ್‌ಟೈಮ್ ಇಂಥ ಆ್ಯಪಲ್‌ನ ಸ್ವಂತ ಆ್ಯಪ್‌ಗಳಲ್ಲಿ. ಹೊರಗಿನ ಚಾಟ್ ಆ್ಯಪ್ ಹಾಕಿಕೊಂಡರೆ ಅಲ್ಲಿ ಅದರ ಮಾತು ನಡೆಯುವುದಿಲ್ಲ. ಹೊತ್ತಿನ ಮಿತಿ ಇಡುವಾಗಲೂ, ಮಿತಿ ಮುಗಿದ ಕೂಡಲೇ ತಡೆಯುವ ಸ್ವಿಚ್ ಆನ್ ಇದೆಯಾ ನೋಡಿ. ಅದು ಆಫ್ ಇದ್ದರೆ ಹುಡುಗ ಒಂದು ಬಟನ್ ಒತ್ತಿ ಮುಂದಕ್ಕೆ ಹೋಗುತ್ತಾನೆ.

ಕೊನೆಗೆ ನಮ್ಮಲ್ಲಿ ಉಳಿದಿದ್ದು: ಸಣ್ಣವನಿಗೆ ಯೂಟ್ಯೂಬ್ ಕಿಡ್ಸ್, ಮಗಳಿಗೆ ಫ್ಯಾಮಿಲಿ ಲಿಂಕ್, ರೌಟರ್‌ನಲ್ಲಿ ಫಿಲ್ಟರ್. ಆಟಗಳ ಒಳಗಿನ ಚಾಟ್ ಮಾತ್ರ ಇವ್ಯಾವುದರ ಕೈಗೂ ಸಿಗುವುದಿಲ್ಲ. ಅದಕ್ಕೆ ಪ್ರತಿ ಆಟದ ಸೆಟ್ಟಿಂಗ್ಸ್‌ಗೂ ಹೋಗಿ ಕೈಯಾರೆ ಬಂದ್ ಮಾಡಬೇಕು. ಮಗಳು ಗೆಳತಿಯರ ಜೊತೆಗಾದರೂ ಇರಲಿ ಅಂತ ಹಟ ಹಿಡಿದಳು. ಫ್ರೆಂಡ್ಸ್‌ಗೆ ಮಾತ್ರ ಅಂತ ಇಟ್ಟಿದ್ದೇವೆ. ಆ ಪಟ್ಟಿಗೆ ಹೊಸ ಹೆಸರು ಸೇರಿಸುವ ಮೊದಲು ಅವಳು ನನಗೆ ಹೇಳಬೇಕು.